ಜಪಾನಿನ ಶಿಂಕಾನ್‌ಸೆನ್: ಪಾಸ್ ಕೊಳ್ಳಬೇಕೆ, ಬಿಡಿ ಟಿಕೆಟ್ ಸಾಕೆ?

ಜಪಾನಿಗೆ ವಿಮಾನದ ಟಿಕೆಟ್ ಕಾದಿರಿಸಿದವರು ಮರುದಿನವೇ ಕೇಳುವ ಪ್ರಶ್ನೆ ಒಂದೇ: ಶಿಂಕಾನ್‌ಸೆನ್ ಎಂಬ ಅತಿ ವೇಗದ ರೈಲುಗಳಿಗಾಗಿ ಇಡೀ ದೇಶಕ್ಕೆ ಸಲ್ಲುವ ಜೆಆರ್ (ಜಪಾನ್ ರೈಲ್ವೇಸ್) ಪಾಸ್ ಕೊಳ್ಳುವುದೋ, ಒಂದೊಂದು ಪ್ರಯಾಣಕ್ಕೂ ಬೇರೆ ಬೇರೆ ಟಿಕೆಟ್ ಕೊಳ್ಳುವುದೋ, ಅಥವಾ ಒಂದು ಪ್ರದೇಶಕ್ಕಷ್ಟೇ ಸೀಮಿತವಾದ ಅಗ್ಗದ ಪಾಸ್ ಹುಡುಕುವುದೋ? ಈ ಪ್ರಶ್ನೆಯನ್ನು ನನ್ನಲ್ಲಿ ಕೇಳಿದವರೆಲ್ಲರ ಕೈಯಲ್ಲೂ ಒಂದು ಹಳೆಯ ಸಲಹೆ ಇದ್ದೇ ಇರುತ್ತದೆ. 'ಟೋಕಿಯೊದಿಂದ ಕ್ಯೋಟೋಗೆ ಹೋಗಿ ಬಂದರೆ ಸಾಕು, ಪಾಸಿನ ದುಡ್ಡು ಹುಟ್ಟುತ್ತದೆ' ಎಂಬುದು ಆ ಸಲಹೆ. ಒಂದು ಕಾಲದಲ್ಲಿ ಅದು ನಿಜವಾಗಿಯೇ ಇತ್ತು. ಏಳು ದಿನಗಳ ಪಾಸಿಗೆ 29,650 ಯೆನ್ ಇದ್ದಾಗ, ಟೋಕಿಯೊ–ಕ್ಯೋಟೋ ನಡುವೆ ಹೋಗಿಬರುವ ಖರ್ಚು 28,000 ಯೆನ್ ಆಸುಪಾಸಿನಲ್ಲಿತ್ತು. ವಿಮಾನ ನಿಲ್ದಾಣದಿಂದ ನಗರಕ್ಕೆ ಬರುವ ರೈಲನ್ನೂ ಸೇರಿಸಿಕೊಂಡರೆ ಲೆಕ್ಕ ಸರಿಹೋಗುತ್ತಿತ್ತು. ಆದರೆ 2023ರ ಅಕ್ಟೋಬರ್ 1ರಂದು ಅದೇ ಏಳು ದಿನಗಳ ಪಾಸಿನ ಬೆಲೆ 50,000 ಯೆನ್‌ಗೆ ಏರಿತು. ಹದಿನಾಲ್ಕು ದಿನಗಳದು 80,000, ಇಪ್ಪತ್ತೊಂದು ದಿನಗಳದು 100,000 ಆಯಿತು. ಬಿಡಿ ಟಿಕೆಟ್‌ಗಳ ಬೆಲೆ ಅದೇ ಪ್ರಮಾಣದಲ್ಲಿ ಏರಲಿಲ್ಲ. ಹೀಗಾಗಿ ಹಳೆಯ ಸಲಹೆ ಇಂದು ಪ್ರಯಾಣಿಕರ ಜೇಬಿಗೆ ನೇರವಾಗಿ ಹೊರೆಯಾಗುತ್ತಿದೆ.

ಈ ಬರಹದಲ್ಲಿರುವ ದರಗಳೆಲ್ಲ ಸಾಮಾನ್ಯ ದರ್ಜೆಯವು, ಒಬ್ಬ ವಯಸ್ಕರಿಗೆ ಸಂಬಂಧಿಸಿದವು. ಕಾಯ್ದಿರಿಸಿದ ಸೀಟಿನ ದರ ದಟ್ಟಣೆಯ ದಿನಗಳಲ್ಲಿ ಕೆಲವು ನೂರು ಯೆನ್ ಹೆಚ್ಚಾಗುತ್ತದೆ, ಬಿಡುವಿನ ದಿನಗಳಲ್ಲಿ ಅಷ್ಟೇ ಇಳಿಯುತ್ತದೆ. ಕೊಳ್ಳುವ ಮುನ್ನ ಅಂದಿನ ದರವನ್ನು ಒಮ್ಮೆ ನೋಡಿಕೊಳ್ಳಿ. ಆದರೆ ಲೆಕ್ಕ ಹಾಕುವ ಕ್ರಮ ಬದಲಾಗುವುದಿಲ್ಲ.

ಮೊದಲು ಅಳತೆಗೋಲು

ಬೆಲೆಗಳನ್ನು ಹೋಲಿಸುವ ಮೊದಲು ನಿಮ್ಮ ಪ್ರಯಾಣವನ್ನು ನೀವೇ ಐದು ಪ್ರಶ್ನೆಗಳಿಂದ ಅಳೆಯಬೇಕು. ದೂರದ ಪ್ರಯಾಣಗಳು ಒತ್ತೊತ್ತಾಗಿ ಒಂದೇ ವಾರದಲ್ಲಿ ಬರುತ್ತವೆಯೇ, ಇಲ್ಲ ಎರಡು ವಾರಗಳಲ್ಲಿ ಚದುರಿವೆಯೇ ಎಂಬುದು ಮೊದಲನೆಯದು. ಏಕೆಂದರೆ ಪಾಸಿನ ದಿನಗಳು ಒಂದರ ಹಿಂದೆ ಒಂದು ಸಾಲಾಗಿ ಕಳೆಯುತ್ತವೆಯೇ ಹೊರತು ನಮಗೆ ಬೇಕಾದ ದಿನಗಳನ್ನು ಆರಿಸಿ ಬಳಸಲು ಬಿಡುವುದಿಲ್ಲ. ಎರಡನೆಯದು, ದಿನಾಂಕ ಮತ್ತು ಹೊತ್ತು ಎಷ್ಟು ಖಚಿತ ಎಂಬುದು. ಮೂರನೆಯದು, ಅತಿ ವೇಗದ ರೈಲೇ ಬೇಕೇ ಅಥವಾ ಅರ್ಧ ಗಂಟೆ ಹೆಚ್ಚಾದರೂ ನಡೆಯುತ್ತದೆಯೇ ಎಂಬುದು. ನಾಲ್ಕನೆಯದು, ಜೊತೆಗೆ ಯಾರಿದ್ದಾರೆ, ಎಷ್ಟು ಸಾಮಾನಿದೆ ಎಂಬುದು. ಐದನೆಯದನ್ನು ಹೆಚ್ಚಿನವರು ಕೇಳಿಕೊಳ್ಳುವುದೇ ಇಲ್ಲ: ನೀವು ಹೋಗುತ್ತಿರುವುದು ಯಾವ ದಿಕ್ಕಿಗೆ?

ದಿಕ್ಕು ಯಾಕೆ ಮುಖ್ಯವೆಂದರೆ, ಜಪಾನಿನ ರಾಷ್ಟ್ರೀಯ ರೈಲ್ವೆಯನ್ನು 1987ರ ಏಪ್ರಿಲ್ 1ರಂದು ವಿಭಜಿಸಿ ಪ್ರಯಾಣಿಕರ ರೈಲುಗಳನ್ನು ಆರು ಪ್ರಾದೇಶಿಕ ಕಂಪನಿಗಳಿಗೆ ಹಂಚಲಾಯಿತು. ಹೊರಗಿನವರಿಗೆ ಎಲ್ಲವೂ 'ಜೆಆರ್' ಎಂದೇ ಕಾಣುತ್ತದೆ. ಆದರೆ ಟೋಕಿಯೊ ನಿಲ್ದಾಣದೊಳಗೇ ಕ್ಯೋಟೋ, ಒಸಾಕಾ ಕಡೆಗೆ ಹೋಗುವ ಟೊಕಾಯ್ಡೊ ಮಾರ್ಗದ ಗೇಟುಗಳು ಬೇರೆ, ಸೆಂದಾಯ್, ಕನಜಾವಾ ಕಡೆಗೆ ಹೋಗುವ ಮಾರ್ಗಗಳ ಗೇಟುಗಳು ಬೇರೆ. ಒಂದು ಜೆಆರ್ ಸೆಂಟ್ರಲ್‌ಗೆ ಸೇರಿದ್ದು, ಇನ್ನೊಂದು ಜೆಆರ್ ಈಸ್ಟ್‌ಗೆ. ಬುಕ್ ಮಾಡುವ ಆ್ಯಪ್‌ಗಳೂ ಬೇರೆ ಬೇರೆ, ಪ್ರಾದೇಶಿಕ ಪಾಸ್‌ಗಳ ಗಡಿಗಳೂ ಇದೇ ಗೆರೆಗಳ ಮೇಲೆ ನಿಂತಿವೆ. ಒಂದೇ ಆ್ಯಪ್‌ನಲ್ಲಿ ಇಡೀ ದೇಶದ ಟಿಕೆಟ್ ಯಾಕೆ ಸಿಗುವುದಿಲ್ಲ ಎಂದು ತಲೆ ಕೆಡಿಸಿಕೊಳ್ಳುವವರಿಗೆ ಈ ಒಂದು ಇತಿಹಾಸ ತಿಳಿದಿದ್ದರೆ ಅರ್ಧ ಗೊಂದಲ ತೀರುತ್ತದೆ.

ಇಡೀ ದೇಶದ ಪಾಸ್

ಜೆಆರ್ ಪಾಸ್ ಅಲ್ಪಾವಧಿ ಭೇಟಿಗೆಂದು ಬಂದ ವಿದೇಶಿ ಪ್ರವಾಸಿಗಳಿಗಾಗಿಯೇ ಇರುವಂಥದ್ದು. ಪಾಸ್‌ಪೋರ್ಟಿನಲ್ಲಿ ತಾತ್ಕಾಲಿಕ ಸಂದರ್ಶಕರೆಂಬ ಪ್ರವೇಶದ ಗುರುತು ಇರಬೇಕು. ಕೆಲಸದ ಅಥವಾ ಓದಿನ ವೀಸಾದ ಮೇಲೆ ಬಂದವರಿಗೆ ಇದು ಸಿಗುವುದಿಲ್ಲ. ಜನದಟ್ಟಣೆ ಕಡಿಮೆ ಇರುವ ಗೇಟಿನಿಂದ ಬೇಗ ಒಳಹೋಗಬಹುದೆಂದು ಪಾಸ್‌ಪೋರ್ಟ್ ಸ್ಕ್ಯಾನ್ ಮಾಡುವ ಸ್ವಯಂಚಾಲಿತ ಗೇಟಿನಿಂದ ದೇಶ ಪ್ರವೇಶಿಸಿದವರ ಪಾಸ್‌ಪೋರ್ಟಿನಲ್ಲಿ ಕೆಲವೊಮ್ಮೆ ಆ ಗುರುತೇ ಬೀಳುವುದಿಲ್ಲ. ಪಾಸ್ ಕೊಳ್ಳುವ ಉದ್ದೇಶವಿದ್ದರೆ ಗುರುತು ಬಿದ್ದಿದೆಯೇ ಎಂದು ಅಲ್ಲಿಯೇ ನೋಡಿಕೊಂಡು, ಇಲ್ಲದಿದ್ದರೆ ಅಧಿಕಾರಿಯನ್ನು ಕೇಳಿ ಹಾಕಿಸಿಕೊಳ್ಳಬೇಕು.

ಲೆಕ್ಕ ಹಾಕೋಣ. ಟೋಕಿಯೊದಿಂದ ಕ್ಯೋಟೋಗೆ ಕಾಯ್ದಿರಿಸಿದ ಸೀಟಿನ ಟಿಕೆಟ್ ಸುಮಾರು 14,000 ಯೆನ್. ಕ್ಯೋಟೋದಿಂದ ಹಿರೋಶಿಮಾಗೆ ಸುಮಾರು 11,500. ಹಿರೋಶಿಮಾದಿಂದ ನೇರವಾಗಿ ಟೋಕಿಯೊಗೆ ಹಿಂತಿರುಗಲು 19,500ರಿಂದ 20,000. ಮೂರೂ ಸೇರಿದರೆ 45,000 ಯೆನ್ ಆಸುಪಾಸು. ಅಂದರೆ ಮೊದಲ ಬಾರಿ ಜಪಾನಿಗೆ ಹೋಗುವವರು ಹಾಕಿಕೊಳ್ಳುವ ಅತ್ಯಂತ ಸಾಮಾನ್ಯವಾದ ಸುತ್ತು, ಅದೂ ಹಿರೋಶಿಮಾವರೆಗೆ ಹೋಗಿ ಬಂದರೂ, 50,000ವನ್ನು ಮುಟ್ಟುವುದಿಲ್ಲ. ಟೋಕಿಯೊದಿಂದ ಕ್ಯೂಶೂ ದ್ವೀಪದ ಹಕಾಟಾವರೆಗೆ, ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ, ಹೋಗಿ ಬಂದರೂ 47,000 ಚಿಲ್ಲರೆ ಆಗುತ್ತದೆ. ಇದನ್ನು ಮೊದಲ ಸಲ ಕಾಗದದ ಮೇಲೆ ಕೂಡಿ ನೋಡಿದಾಗ ನನಗೇ ನಂಬಿಕೆ ಬರಲಿಲ್ಲ, ಎರಡು ಸಲ ಕೂಡಿದೆ.

ಹಾಗಾದರೆ ಪಾಸ್ ಯಾರಿಗೆ? ಒಂದೇ ವಾರದಲ್ಲಿ ದೇಶದ ಎರಡು ತುದಿಗಳನ್ನು ಹಿಡಿಯುವವರಿಗೆ. ಮೇಲಿನ ಹಿರೋಶಿಮಾ ಸುತ್ತಿಗೆ ಟೋಕಿಯೊದಿಂದ ಉತ್ತರದ ಸೆಂದಾಯ್‌ಗೆ ಹೋಗಿಬರುವುದನ್ನು ಸೇರಿಸಿ. ಸೆಂದಾಯ್‌ಗೆ ಒಂದು ಕಡೆಗೆ ಸುಮಾರು 11,500 ಯೆನ್ ಆಗುವುದರಿಂದ ಮೊತ್ತ 68,000 ದಾಟುತ್ತದೆ, ಪಾಸ್ ಸ್ಪಷ್ಟವಾಗಿ ಗೆಲ್ಲುತ್ತದೆ. ಇದಲ್ಲದೆ, ಇಂದು ಎಲ್ಲಿಗೆ ಹೋಗುವುದೆಂದು ಬೆಳಿಗ್ಗೆ ಎದ್ದು ಆಕಾಶ ನೋಡಿ ತೀರ್ಮಾನಿಸುವ ಸ್ವಭಾವದವರಿಗೂ ಪಾಸಿನಲ್ಲಿ ಬೇರಾವುದರಲ್ಲೂ ಸಿಗದ ಸ್ವಾತಂತ್ರ್ಯವಿದೆ. ಸೀಟು ಕಾಯ್ದಿರಿಸಲು ಹೆಚ್ಚುವರಿ ಹಣವಿಲ್ಲ, ಎಷ್ಟು ಸಲ ಬೇಕಾದರೂ ಬದಲಿಸಬಹುದು, ಕಾಯ್ದಿರಿಸದೆಯೂ ಹತ್ತಬಹುದಾದ ಬೋಗಿಗಳಿರುವ ರೈಲುಗಳಲ್ಲಿ ಹಾಗೆಯೇ ಹೋಗಿ ಕೂರಬಹುದು. ಟೋಕಿಯೊದ ಯಾಮಾನೊತೆ ಮಾರ್ಗದಂಥ ಜೆಆರ್ ನಗರ ರೈಲುಗಳು, ನರಿತಾ ಎಕ್ಸ್‌ಪ್ರೆಸ್, ಮಿಯಾಜಿಮಾ ದ್ವೀಪಕ್ಕೆ ಹೋಗುವ ಜೆಆರ್ ದೋಣಿ, ಇವೆಲ್ಲ ಅದರೊಳಗೇ ಬರುತ್ತವೆ. ಸುರಂಗ ಮೆಟ್ರೋ ಮತ್ತು ಖಾಸಗಿ ರೈಲುಗಳು ಬರುವುದಿಲ್ಲ ಎಂಬುದನ್ನು ಮರೆಯಬಾರದು. ಕ್ಯೋಟೋದೊಳಗಿನ ಓಡಾಟದಲ್ಲಿ ಬಸ್ಸು, ಖಾಸಗಿ ರೈಲುಗಳೇ ಹೆಚ್ಚು ಬಳಕೆಯಾಗುವುದರಿಂದ ಅಲ್ಲಿ ಪಾಸಿನಿಂದ ಅಷ್ಟೇನೂ ಪ್ರಯೋಜನವಾಗದು.

ಪಾಸಿನ ದೊಡ್ಡ ಕೊರತೆ ವೇಗದ್ದು. ಟೋಕಿಯೊ–ಶಿನ್‌-ಒಸಾಕಾ ಮಾರ್ಗದಲ್ಲಿ (ಶಿನ್‌-ಒಸಾಕಾ ಎಂದರೆ ಒಸಾಕಾದ ಶಿಂಕಾನ್‌ಸೆನ್ ನಿಲ್ದಾಣ) ಮೂರು ಬಗೆಯ ರೈಲುಗಳಿವೆ: ಕೆಲವೇ ನಿಲ್ದಾಣಗಳಲ್ಲಿ ನಿಲ್ಲುವ ನೊಜೊಮಿ, ಇನ್ನಷ್ಟು ಕಡೆ ನಿಲ್ಲುವ ಹಿಕಾರಿ, ಎಲ್ಲ ನಿಲ್ದಾಣಗಳಲ್ಲೂ ನಿಲ್ಲುವ ಕೊದಾಮಾ. ಮೂರೂ ಒಂದೇ ಹಳಿಯ ಮೇಲೆ, ಗಂಟೆಗೆ 285 ಕಿಲೋಮೀಟರ್ ಗರಿಷ್ಠ ವೇಗದಲ್ಲಿ ಓಡುವ ಹದಿನಾರು ಬೋಗಿಗಳ ರೈಲುಗಳೇ, ವ್ಯತ್ಯಾಸವಿರುವುದು ನಿಲುಗಡೆಗಳಲ್ಲಿ. ದಟ್ಟಣೆಯ ಹೊತ್ತಿನಲ್ಲಿ ನೊಜೊಮಿ ಗಂಟೆಗೆ ಹನ್ನೆರಡರಷ್ಟು ಓಡುತ್ತದೆ, ಹಿಕಾರಿ ಸಾಮಾನ್ಯವಾಗಿ ಎರಡು. ಪಾಸ್ ಹಿಡಿದವರು ನೊಜೊಮಿ ಹತ್ತಬೇಕಾದರೆ ಟೋಕಿಯೊ–ಕ್ಯೋಟೋ ನಡುವೆ ಪ್ರತಿ ಸಲವೂ 4,960 ಯೆನ್ ಹೆಚ್ಚುವರಿ ತೆರಬೇಕೆಂದು ಪಾಸಿನ ಬೆಲೆ ಏರಿಸಿದಾಗಲೇ ನಿಯಮ ಮಾಡಲಾಯಿತು. ಅದಕ್ಕೂ ಮೊದಲು ಹಣ ಕೊಟ್ಟರೂ ಪಾಸಿನಲ್ಲಿ ನೊಜೊಮಿ ಹತ್ತುವಂತಿರಲಿಲ್ಲ.

ಇದರ ಅರ್ಥವೇನೆಂದು ಟೋಕಿಯೊ ನಿಲ್ದಾಣದ ಪ್ಲಾಟ್‌ಫಾರ್ಮಿನಲ್ಲಿ ನಿಂತಾಗ ಗೊತ್ತಾಗುತ್ತದೆ. ಅಭ್ಯಾಸಬಲದಿಂದ ಪಾಸ್ ಕೊಂಡು ಅಮ್ಮನನ್ನು ಕರೆದುಕೊಂಡು ಹೋಗಿದ್ದ ವರ್ಷ, ಒಂದು ಹಿಕಾರಿ ಕಣ್ಣೆದುರೇ ಬಾಗಿಲು ಮುಚ್ಚಿಕೊಂಡು ಹೊರಟಿತು. ಮುಂದಿನದಕ್ಕೆ ಅರ್ಧ ಗಂಟೆ. ಆ ಅರ್ಧ ಗಂಟೆಯಲ್ಲಿ ಎದುರಿನ ಹಳಿಗೆ ಒಂದರ ಹಿಂದೆ ಒಂದು ನೊಜೊಮಿ ಬಂದು, ಜನರನ್ನು ತುಂಬಿಕೊಂಡು, ಸದ್ದಿಲ್ಲದೆ ಜಾರಿಹೋದವು. ಅಮ್ಮ ಪ್ರತಿ ರೈಲು ಬಂದಾಗಲೂ ಚೀಲದ ಹಿಡಿ ಹಿಡಿದು ಎದ್ದು ನಿಲ್ಲುತ್ತಿದ್ದರು, ಇದು ನಮ್ಮದಲ್ಲ ಎಂದು ನಾನು ಹೇಳಿದಾಗ ಮತ್ತೆ ಕೂರುತ್ತಿದ್ದರು. ನಾಲ್ಕನೆಯ ಸಲ ಅವರು ಏಳಲಿಲ್ಲ. 'ನಮ್ಮದು ಬಂದಾಗ ಹೇಳಪ್ಪ' ಎಂದಷ್ಟೇ ಹೇಳಿದರು. ಆ ಪ್ರವಾಸದಲ್ಲಿ ಕ್ಯೋಟೋದಲ್ಲಿ ನಾಲ್ಕು ದಿನ ಉಳಿದೆವು. ಆ ನಾಲ್ಕೂ ದಿನ ಪಾಸು ಚೀಲದಲ್ಲೇ ಸುಮ್ಮನೆ ಸವೆಯಿತು.

ಹಿರೋಶಿಮಾಗೆ ಹೋಗುವ ಪಾಸ್‌ದಾರರಿಗೆ ಇನ್ನೊಂದು ತೊಡಕಿದೆ. ಟೋಕಿಯೊದಿಂದ ಹೊರಡುವ ಹಿಕಾರಿಗಳು ಅಷ್ಟು ದೂರ ಹೋಗುವುದಿಲ್ಲವಾದ್ದರಿಂದ ಶಿನ್‌-ಒಸಾಕಾ ಅಥವಾ ಶಿನ್‌-ಕೋಬೆಯಲ್ಲಿ ಇಳಿದು ಸಕುರಾ ರೈಲಿಗೆ ಬದಲಿಸಬೇಕು. ನೊಜೊಮಿಯಲ್ಲಿ ನಾಲ್ಕು ಗಂಟೆಯೊಳಗೆ ಅಥವಾ ಅದರ ಆಸುಪಾಸಿನಲ್ಲಿ ಮುಗಿಯುವ ದಾರಿ ಹೀಗೆ ಐದು ಗಂಟೆಯ ಹತ್ತಿರ ಹೋಗುತ್ತದೆ. ಕ್ಯೋಟೋಗಾದರೆ ನೊಜೊಮಿಗೆ ಎರಡೂ ಕಾಲು ಗಂಟೆ, ಹಿಕಾರಿಗೆ ಎರಡೂ ಮುಕ್ಕಾಲರ ಹತ್ತಿರ. ಆ ವ್ಯತ್ಯಾಸ ಯಾರಿಗೂ ಭಾರವಾಗದು.

ಬಿಡಿ ಟಿಕೆಟ್: ಆ್ಯಪ್, ಯಂತ್ರ, ಕೌಂಟರ್

ಟೋಕಿಯೊ, ಕ್ಯೋಟೋ, ಒಸಾಕಾ ನೋಡಿ ಬರುವ ಹೆಚ್ಚಿನವರಿಗೆ ನಾನು ಇಂದು ಹೇಳುವುದು ಬಿಡಿ ಟಿಕೆಟ್ ಎಂದೇ. ಆದರೆ ಬಿಡಿ ಟಿಕೆಟ್ ಕೊಳ್ಳುವ ದಾರಿಗಳೂ ಒಂದಲ್ಲ, ಅವುಗಳ ನಡುವಿನ ವ್ಯತ್ಯಾಸ ಸಣ್ಣದೂ ಅಲ್ಲ.

ಮೊದಲು ಟಿಕೆಟ್ಟಿನ ಒಳಗನ್ನು ತಿಳಿದುಕೊಳ್ಳುವುದು ಒಳ್ಳೆಯದು. ಶಿಂಕಾನ್‌ಸೆನ್ ಪ್ರಯಾಣದ ಬೆಲೆಯಲ್ಲಿ ಎರಡು ಪಾಲುಗಳಿವೆ: ದೂರಕ್ಕೆ ತಕ್ಕ ಮೂಲ ದರ ಒಂದು, ವೇಗದ ರೈಲು ಹತ್ತಲು ಎಕ್ಸ್‌ಪ್ರೆಸ್ ದರ ಇನ್ನೊಂದು. ಕೌಂಟರಿನಲ್ಲಿ ಕೊಂಡಾಗ ಎಷ್ಟೋ ಸಲ ಇವೆರಡೂ ಎರಡು ಬೇರೆ ಚೀಟಿಗಳಾಗಿ ಕೈಗೆ ಬರುತ್ತವೆ. ಒಂದನ್ನೇ ಗೇಟಿಗೆ ತೂರಿಸಿದರೆ ಗೇಟು ತೆರೆಯುವುದಿಲ್ಲ; ಎರಡನ್ನೂ ಒಂದರ ಮೇಲೊಂದು ಜೋಡಿಸಿ ಒಟ್ಟಿಗೇ ತೂರಿಸಬೇಕು. ಯಂತ್ರ ಅವನ್ನು ಒಳಗೆಳೆದುಕೊಂಡು, ಸಣ್ಣದೊಂದು ತೂತು ಹೊಡೆದು, ಕಣ್ಣು ಮಿಟುಕಿಸುವಷ್ಟರಲ್ಲಿ ಆಚೆ ಬದಿಗೆ ತಂದಿಡುತ್ತದೆ. ಅಲ್ಲಿಂದ ಅವನ್ನು ಮರೆಯದೆ ಎತ್ತಿಕೊಳ್ಳಬೇಕು, ಇಳಿಯುವಾಗ ಮತ್ತೆ ಬೇಕಾಗುತ್ತವೆ.

ಸ್ಮಾರ್ಟ್‌ಇಎಕ್ಸ್ ಎಂಬ ಆ್ಯಪ್ ಟೊಕಾಯ್ಡೊ, ಸಾನ್ಯೊ, ಕ್ಯೂಶೂ ಶಿಂಕಾನ್‌ಸೆನ್‌ಗಳಿಗೆ, ಅಂದರೆ ಟೋಕಿಯೊದಿಂದ ಪಶ್ಚಿಮಕ್ಕೆ ಕಾಗೊಶಿಮಾವರೆಗೆ ಸಲ್ಲುತ್ತದೆ. ವಿದೇಶಿ ಕ್ರೆಡಿಟ್ ಕಾರ್ಡ್ ಒಪ್ಪುತ್ತದೆ, ಇಂಗ್ಲಿಷಿನಲ್ಲಿ ಬಳಸಬಹುದು. ಸಾಮಾನ್ಯ ದರದ ಟಿಕೆಟ್ ಆಗಿದ್ದರೆ ರೈಲು ಹೊರಡುವ ಮುನ್ನ, ಗೇಟು ದಾಟುವ ಮುನ್ನ ಎಷ್ಟು ಸಲ ಬೇಕಾದರೂ ಶುಲ್ಕವಿಲ್ಲದೆ ಹೊತ್ತು ಬದಲಿಸಬಹುದು ಎಂಬುದು ಅದರ ದೊಡ್ಡ ಗುಣ. ದೇವಸ್ಥಾನ ನೋಡುತ್ತಾ ತಡವಾದರೆ ಅಲ್ಲೇ ಮರದ ನೆರಳಿನಲ್ಲಿ ನಿಂತು ಮುಂದಿನ ರೈಲಿಗೆ ಬದಲಿಸಿಕೊಳ್ಳಬಹುದು. ಸುಯಿಕಾ ಅಥವಾ ಇಕೊಕಾ ಎಂಬ, ಮೊದಲೇ ಹಣ ತುಂಬಿಸಿ ಬಳಸುವ ಕಾರ್ಡನ್ನು ಆ್ಯಪ್‌ಗೆ ಜೋಡಿಸಿಕೊಂಡರೆ ಗೇಟಿನಲ್ಲಿ ಕಾರ್ಡ್ ತಾಗಿಸಿದರೆ ಸಾಕು. ಬೋಗಿ ಮತ್ತು ಸೀಟಿನ ಸಂಖ್ಯೆ ಬರೆದ ಪುಟ್ಟ ಚೀಟಿಯೊಂದು ಗೇಟಿನಿಂದಲೇ ಹೊರಬರುತ್ತದೆ. ಕಾರ್ಡ್ ಇಲ್ಲದವರಿಗೆ ಕ್ಯೂಆರ್ ಕೋಡ್ ಇದೆ. ಕುಟುಂಬಕ್ಕೆ ಒಟ್ಟಿಗೆ ಬುಕ್ ಮಾಡಬಹುದಾದರೂ ಗೇಟು ದಾಟುವಾಗ ಒಬ್ಬೊಬ್ಬರಿಗೂ ಅವರವರದೇ ಕಾರ್ಡ್ ಅಥವಾ ಕೋಡ್ ಬೇಕು. ಒಬ್ಬರ ಫೋನಿನಲ್ಲೇ ನಾಲ್ವರ ಕೋಡುಗಳನ್ನು ಇಟ್ಟುಕೊಂಡು ಗೇಟಿನ ಎದುರು ಒಂದೊಂದಾಗಿ ಹುಡುಕುವ ಬದಲು, ಹಿಂದಿನ ರಾತ್ರಿಯೇ ಎಲ್ಲರಿಗೂ ಕಳಿಸಿಬಿಡುವುದು ಕ್ಷೇಮ.

ಬಹಳ ಮುಂಚೆ ಕಾಯ್ದಿರಿಸುವವರಿಗೆ ಇದೇ ಆ್ಯಪ್‌ನಲ್ಲಿ ರಿಯಾಯಿತಿ ಟಿಕೆಟ್‌ಗಳೂ ಇವೆ. ಕೆಲವಕ್ಕೆ ಕೆಲವು ದಿನ, ಕೆಲವಕ್ಕೆ ಮೂರು ವಾರ ಮೊದಲೇ ಕೊಳ್ಳಬೇಕು, ಸೀಟುಗಳ ಸಂಖ್ಯೆಗೂ ಮಿತಿ ಇರುತ್ತದೆ. ಇಲ್ಲಿ ತೂಗಿ ನೋಡಬೇಕಾದ ಸಂಗತಿಯೊಂದಿದೆ. ಪೂರ್ತಿ ದರದ ಟಿಕೆಟ್ ಇರುವವರು ರೈಲು ತಪ್ಪಿಸಿಕೊಂಡರೂ ಅದೇ ದಿನದ ಮುಂದಿನ ರೈಲಿನ ಕಾಯ್ದಿರಿಸದ ಬೋಗಿಯಲ್ಲಿ ಹೋಗಬಹುದು. ರಿಯಾಯಿತಿ ಟಿಕೆಟ್ಟಿನಲ್ಲಿ ಆ ಸವಲತ್ತನ್ನು ನಂಬಿಕೊಂಡು ಕೂರುವಂತಿಲ್ಲ. ಹೀಗಾಗಿ ವಿಮಾನ ಇಳಿದ ದಿನದ ಪ್ರಯಾಣಕ್ಕೆ ರಿಯಾಯಿತಿ ಟಿಕೆಟ್ ತೆಗೆದುಕೊಳ್ಳಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ. ವಿಮಾನ ಎರಡು ಗಂಟೆ ತಡವಾದರೆ ಉಳಿಸಿದ್ದೆಲ್ಲ ಒಂದೇ ಏಟಿಗೆ ಹೋಗುತ್ತದೆ. ಹೋಟೆಲಿನಿಂದ ಬೆಳಿಗ್ಗೆ ಹೊರಡುವ ದಿನಗಳಿಗೆ ಅದು ಚೆನ್ನಾಗಿ ಹೊಂದುತ್ತದೆ.

ಆ್ಯಪ್ ಟಿಕೆಟ್ಟಿನಲ್ಲಿ ಇಲ್ಲದ, ಕಾಗದದ ಟಿಕೆಟ್ಟಿನಲ್ಲಿ ಮಾತ್ರ ಸಿಗುವ ಒಂದು ಲಾಭವನ್ನೂ ಹೇಳಬೇಕು. ಇನ್ನೂರು ಕಿಲೋಮೀಟರ್‌ಗಿಂತ ದೂರದ ಮೂಲ ಟಿಕೆಟ್ಟುಗಳಲ್ಲಿ ದೊಡ್ಡ ನಗರಗಳನ್ನು ಒಂದು ವಲಯವೆಂದು ಪರಿಗಣಿಸುವ ಪದ್ಧತಿ ಇದೆ. ಟೋಕಿಯೊದ ವಾರ್ಡುಗಳ ವಲಯದಿಂದ ಒಸಾಕಾ ನಗರ ವಲಯಕ್ಕೆ ಕೊಂಡ ಟಿಕೆಟ್ಟಿನಲ್ಲಿ, ಶಿಂಜುಕುವಿನಲ್ಲಿ ಜೆಆರ್ ರೈಲು ಹತ್ತಿ ಟೋಕಿಯೊ ನಿಲ್ದಾಣಕ್ಕೆ ಬಂದು, ಶಿನ್‌-ಒಸಾಕಾದಲ್ಲಿ ಇಳಿದ ಮೇಲೆ ಅದೇ ನಗರದೊಳಗಿನ ಇನ್ನೊಂದು ಜೆಆರ್ ನಿಲ್ದಾಣಕ್ಕೆ ಹೋಗುವುದಕ್ಕೆ ಬೇರೆ ಹಣವಿಲ್ಲ. ಸ್ಮಾರ್ಟ್‌ಇಎಕ್ಸ್ ಟಿಕೆಟ್ ಶಿಂಕಾನ್‌ಸೆನ್ ನಿಲ್ದಾಣದಿಂದ ಶಿಂಕಾನ್‌ಸೆನ್ ನಿಲ್ದಾಣಕ್ಕಷ್ಟೇ. ಒಬ್ಬರಿಗೆ ಕೆಲವು ನೂರು ಯೆನ್ನಿನ ಮಾತು, ಐದು ಜನರ ಕುಟುಂಬಕ್ಕೆ ಒಂದು ಹೊತ್ತಿನ ಊಟದ ಮಾತು.

ಸೆಂದಾಯ್, ಅಓಮೋರಿ, ಹೊಕ್ಕಾಯ್ಡೊ, ನಗಾನೊ, ಕನಜಾವಾ ಕಡೆಗೆ ಜೆಆರ್ ಈಸ್ಟ್‌ನ ಜಾಲತಾಣವನ್ನು ಬಳಸಬೇಕು. ಉತ್ತರದ ಹಯಾಬುಸಾ, ಕನಜಾವಾ ಕಡೆಯ ಕಗಾಯಾಕಿ ರೈಲುಗಳಲ್ಲಿ ಎಲ್ಲ ಸೀಟುಗಳೂ ಕಾಯ್ದಿರಿಸಿದವೇ ಆಗಿರುವುದರಿಂದ, ಪಾಸ್ ಇದ್ದರೂ ಟಿಕೆಟ್ ಇದ್ದರೂ ಮೊದಲು ಸೀಟು ಪಡೆದುಕೊಂಡೇ ಹತ್ತಬೇಕು. ಹಯಾಬುಸಾ ಗಂಟೆಗೆ 320 ಕಿಲೋಮೀಟರ್‌ವರೆಗೆ ಓಡುತ್ತದೆ, ಜಪಾನಿನಲ್ಲಿ ಅದಕ್ಕಿಂತ ವೇಗದ ಪ್ರಯಾಣಿಕ ರೈಲು ಸೇವೆ ಇಲ್ಲ.

ಆ್ಯಪ್ ಬೇಡವೆನ್ನುವವರಿಗೆ ನಿಲ್ದಾಣದ ಯಂತ್ರಗಳಲ್ಲಿ ಇಂಗ್ಲಿಷ್ ಇದೆ. ಕಾರ್ಡ್ ಬಳಸುವುದಾದರೆ ನಾಲ್ಕಂಕಿಯ ಪಿನ್ ಕೇಳುತ್ತದೆ, ಅದನ್ನು ನೆನಪಿಟ್ಟುಕೊಂಡೇ ಹೊರಡಬೇಕು. ನಗದು ಕೈಯಲ್ಲಿದ್ದರೆ ಆ ಚಿಂತೆಯೇ ಇಲ್ಲ. ಯಂತ್ರವೂ ಕಷ್ಟವೆನಿಸಿದರೆ ಹಸಿರು ಫಲಕದ ಕೌಂಟರ್ ಇದೆ. ಎಲ್ಲಿಂದ ಎಲ್ಲಿಗೆ, ಯಾವ ದಿನ, ಎಷ್ಟು ಗಂಟೆಗೆ, ಎಷ್ಟು ಜನ ಎಂದು ಒಂದು ಹಾಳೆಯಲ್ಲಿ ಬರೆದು ತೋರಿಸಿದರೆ ಭಾಷೆ ಬಾರದಿದ್ದರೂ ಕೆಲಸ ಆಗುತ್ತದೆ. ಟಿಕೆಟ್ ಮಾರಾಟ ಪ್ರಯಾಣದ ದಿನಕ್ಕೆ ಒಂದು ತಿಂಗಳ ಮೊದಲು ಬೆಳಿಗ್ಗೆ ಹತ್ತು ಗಂಟೆಗೆ ತೆರೆಯುತ್ತದೆ. ನೊಜೊಮಿ ಅಷ್ಟು ದಟ್ಟವಾಗಿ ಓಡುವುದರಿಂದ ಸಾಮಾನ್ಯ ದಿನಗಳಲ್ಲಿ ಹಿಂದಿನ ದಿನ, ಎಷ್ಟೋ ಸಲ ಅದೇ ದಿನ ಕೊಂಡರೂ ಸೀಟು ಸಿಗುತ್ತದೆ. ಹೊಸ ವರ್ಷದ ಆಸುಪಾಸು, ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗಿನ ಗೋಲ್ಡನ್ ವೀಕ್, ಆಗಸ್ಟ್ ನಡುವಿನ ಒಬೊನ್ ಹಬ್ಬದ ದಿನಗಳು ಮಾತ್ರ ಬೇರೆಯೇ. ಆ ದಿನಗಳಲ್ಲಿ ನೊಜೊಮಿಯ ಎಲ್ಲ ಬೋಗಿಗಳೂ ಕಾಯ್ದಿರಿಸಿದವರಿಗೇ ಮೀಸಲಾಗುತ್ತವೆ, ತಿಂಗಳ ಮೊದಲೇ ಎಚ್ಚರಗೊಳ್ಳಬೇಕು.

ಮಧ್ಯವರ್ತಿ ಜಾಲತಾಣಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸಲೀಸು, ಆದರೆ ಟಿಕೆಟ್ಟಿನ ಮೇಲೆ ಸೇವಾಶುಲ್ಕ ಕೂಡುತ್ತದೆ, ಹೊತ್ತು ಬದಲಿಸುವುದು ಅವರ ಮೂಲಕವೇ ಆಗಬೇಕಾಗುತ್ತದೆ. ಒಮ್ಮೆ ಹೀಗೆ ಕೊಂಡಾಗ ಸಂಜೆಯ ರೈಲನ್ನು ಮಧ್ಯಾಹ್ನಕ್ಕೆ ಬದಲಿಸಲು ಕಳಿಸಿದ ಸಂದೇಶಕ್ಕೆ ಉತ್ತರ ಬಂದದ್ದು ನಾನು ಸಂಜೆಯ ರೈಲಿನಲ್ಲಿ ಕೂತ ಮೇಲೆ. ನೇರವಾಗಿ ಕೊಳ್ಳುವ ದಾರಿ ಇರುವಾಗ ಈ ದಾರಿ ಬೇಡ.

ನಿಧಾನಕ್ಕೆ ಹೋಗುವವರಿಗೆ

ಹಣ ಉಳಿಸಬೇಕು, ಸಮಯವಿದೆ ಎನ್ನುವವರಿಗೆ ಪುರಾಟ್ಟೊ ಕೊದಾಮಾ ಎಂಬ ಯೋಜನೆ ಇದೆ. ಎಲ್ಲ ನಿಲ್ದಾಣಗಳಲ್ಲೂ ನಿಲ್ಲುವ ಕೊದಾಮಾ ರೈಲಿನಲ್ಲಿ, ಆರಿಸಿಕೊಂಡ ಹೊತ್ತಿಗೆ ಮಾತ್ರ, ಸಾಮಾನ್ಯ ದರಕ್ಕಿಂತ ಕೆಲವು ಸಾವಿರ ಯೆನ್ ಕಡಿಮೆಗೆ ಹೋಗಬಹುದು. ಒಂದು ಪಾನೀಯದ ಕೂಪನ್ನೂ ಜೊತೆಗೆ ಬರುತ್ತದೆ. ಪ್ರಯಾಣದ ದಿನ ಕೊಳ್ಳಲಾಗದು, ಹೊತ್ತು ಬದಲಿಸಲಾಗದು, ತಪ್ಪಿದರೆ ತಪ್ಪಿತು. ಕ್ಯೋಟೋಗೆ ಮೂರೂವರೆ ಗಂಟೆ ಮೀರುತ್ತದೆ. ಕೊದಾಮಾ ಸಣ್ಣ ನಿಲ್ದಾಣಗಳಲ್ಲಿ ಪಕ್ಕದ ಹಳಿಗೆ ಸರಿದು ನೊಜೊಮಿಗಳಿಗೆ ದಾರಿ ಬಿಡುತ್ತಾ ನಿಲ್ಲುತ್ತದೆ. ಹಾಗೆ ನಿಂತಾಗ ಬಾಗಿಲ ಬಳಿ ಹೋಗಿ ನಿಂತರೆ, ಪಕ್ಕದಲ್ಲಿ 400 ಮೀಟರ್ ಉದ್ದದ ರೈಲೊಂದು ಐದಾರು ಸೆಕೆಂಡಿನಲ್ಲಿ ಹಾದುಹೋಗುವ ರಭಸಕ್ಕೆ ನಿಂತ ರೈಲು ಮೆಲ್ಲಗೆ ಅಲುಗುವುದು ಅನುಭವಕ್ಕೆ ಬರುತ್ತದೆ. ಶಿಂಕಾನ್‌ಸೆನ್ ಎಷ್ಟು ವೇಗದ್ದೆಂದು ನನಗೆ ನಿಜವಾಗಿ ತಿಳಿದದ್ದು ನಿಂತ ಕೊದಾಮಾದಲ್ಲಿ.

ಪ್ರಾದೇಶಿಕ ಪಾಸ್‌ಗಳು

ಇವನ್ನು ಜನ ಅಷ್ಟಾಗಿ ಗಮನಿಸುವುದಿಲ್ಲ, ಆದರೆ ನಿಜವಾದ ಉಳಿತಾಯ ಇರುವುದು ಇವುಗಳಲ್ಲೇ. ಎರಡನ್ನು ಮಾತ್ರ ಹೇಳುತ್ತೇನೆ.

ಕನ್ಸಾಯ್–ಹಿರೋಶಿಮಾ ಏರಿಯಾ ಪಾಸ್ (ಕನ್ಸಾಯ್ ಎಂದರೆ ಕ್ಯೋಟೋ, ಒಸಾಕಾ ಇರುವ ಪ್ರದೇಶ) ಐದು ದಿನಗಳದು, 2023ರ ಅಕ್ಟೋಬರ್‌ನಲ್ಲಿ ಅದರ ಬೆಲೆ 17,000 ಯೆನ್ ಆಯಿತು. ಶಿನ್‌-ಒಸಾಕಾದಿಂದ ಹಿರೋಶಿಮಾವರೆಗೆ ಶಿಂಕಾನ್‌ಸೆನ್‌ನಲ್ಲಿ, ಅದೂ ನೊಜೊಮಿಯಲ್ಲಿ ಹೆಚ್ಚುವರಿ ಹಣವಿಲ್ಲದೆ ಹೋಗಬಹುದು. ಕನ್ಸಾಯ್ ವಿಮಾನ ನಿಲ್ದಾಣದ ರೈಲು, ಮಿಯಾಜಿಮಾದ ದೋಣಿ ಕೂಡ ಸೇರಿವೆ. ಒಸಾಕಾದಿಂದ ಹಿರೋಶಿಮಾಗೆ ಒಮ್ಮೆ ಹೋಗಿಬಂದರೇ ಬಿಡಿ ಟಿಕೆಟ್ಟಿಗೆ 20,000 ಯೆನ್ ದಾಟುತ್ತದೆ. ಒಂದು ಎಚ್ಚರಿಕೆ: ಕ್ಯೋಟೋ ಮತ್ತು ಶಿನ್‌-ಒಸಾಕಾ ನಡುವಿನ ಶಿಂಕಾನ್‌ಸೆನ್ ಬೇರೆ ಕಂಪನಿಯದಾದ್ದರಿಂದ ಆ ತುಂಡಿಗೆ ಈ ಪಾಸ್ ನಡೆಯದು. ಕ್ಯೋಟೋದಲ್ಲಿ ಉಳಿದವರು ಸಾಮಾನ್ಯ ಹಳಿಯ ಸ್ಪೆಷಲ್ ರ‍್ಯಾಪಿಡ್ ರೈಲಿನಲ್ಲಿ ಅರ್ಧ ಗಂಟೆಯೊಳಗೆ ಶಿನ್‌-ಒಸಾಕಾಗೆ ಬಂದು ಅಲ್ಲಿಂದ ಹತ್ತಬೇಕು.

ಹೊಕುರಿಕು ಆರ್ಚ್ ಪಾಸ್ ಏಳು ದಿನಗಳದು. 2024ರ ಮಾರ್ಚ್ 16ರಂದು ಹೊಕುರಿಕು ಶಿಂಕಾನ್‌ಸೆನ್ ಕನಜಾವಾದಿಂದ ತ್ಸುರುಗಾವರೆಗೆ ವಿಸ್ತರಿಸಿದಾಗ ಅದರ ಬೆಲೆ 30,000 ಯೆನ್‌ಗೆ ನಿಂತಿತು. ಟೋಕಿಯೊದಿಂದ ಒಸಾಕಾಗೆ ಫೂಜಿ ಪರ್ವತದ ದಾರಿಯಲ್ಲಲ್ಲ, ಜಪಾನ್ ಸಮುದ್ರದ ಬದಿಯಿಂದ, ನಗಾನೊ, ತೊಯಾಮಾ, ಕನಜಾವಾ ನೋಡಿಕೊಂಡು ಸುತ್ತಿ ಹೋಗುವವರಿಗೆ ಇದು ಹೇಳಿ ಮಾಡಿಸಿದಂತಿದೆ. ಟೊಕಾಯ್ಡೊ ಶಿಂಕಾನ್‌ಸೆನ್ ಇದರಲ್ಲಿ ಸೇರಿಲ್ಲ. ಒಸಾಕಾಗೆ ಬಂದಿಳಿದು ಟೋಕಿಯೊದಿಂದ ವಿಮಾನ ಹತ್ತುವವರು, ಅಥವಾ ಅದರ ತಿರುವುಮುರುವು ಮಾಡುವವರು, ಟೋಕಿಯೊ–ಕ್ಯೋಟೋ ಟಿಕೆಟ್ ನೋಡುವ ಮೊದಲು ಈ ದಾರಿಯನ್ನು ಒಮ್ಮೆ ನಕ್ಷೆಯಲ್ಲಿ ಬೆರಳಿಟ್ಟು ನೋಡಬೇಕು.

ಸಾಮಾನು, ಸೀಟು, ಮಕ್ಕಳು

ಟೊಕಾಯ್ಡೊ, ಸಾನ್ಯೊ, ಕ್ಯೂಶೂ ಮಾರ್ಗಗಳಲ್ಲಿ 2020ರ ಮೇ ತಿಂಗಳಿನಿಂದ ದೊಡ್ಡ ಪೆಟ್ಟಿಗೆಗೆ ನಿಯಮವಿದೆ. ಉದ್ದ, ಅಗಲ, ಎತ್ತರ ಮೂರನ್ನೂ ಕೂಡಿದಾಗ 160 ಸೆಂಟಿಮೀಟರ್ ಮೀರಿ 250ರೊಳಗಿದ್ದರೆ, ಬೋಗಿಯ ಹಿಂಬದಿಯಲ್ಲಿ ಸಾಮಾನಿನ ಜಾಗವಿರುವ ಸೀಟನ್ನೇ ಕಾಯ್ದಿರಿಸಬೇಕು. ಅದಕ್ಕೆ ಹೆಚ್ಚುವರಿ ಹಣವಿಲ್ಲ, ಆದರೆ ಕಾಯ್ದಿರಿಸದೆ ತಂದರೆ 1,000 ಯೆನ್ ತೆರಬೇಕು. ವಿಮಾನದ ಚೆಕ್‌-ಇನ್ ಪೆಟ್ಟಿಗೆಗಳ ಸಾಮಾನ್ಯ ಮಿತಿ 158 ಸೆಂಟಿಮೀಟರ್ ಆಗಿರುವುದರಿಂದ ಹೆಚ್ಚಿನವರ ಪೆಟ್ಟಿಗೆ ಈ ಗೆರೆಯ ಈಚೆಗೇ ಉಳಿಯುತ್ತದೆ. ಅನುಮಾನವಿದ್ದರೆ ಚಕ್ರ, ಹಿಡಿ ಸೇರಿಸಿ ಮನೆಯಲ್ಲೇ ಅಳೆಯಿರಿ. ವಯಸ್ಸಾದವರು ಜೊತೆಗಿದ್ದರೆ ನಾನು ಸಾಮಾನು ಹೊರುವ ಗೋಜಿಗೇ ಹೋಗುವುದಿಲ್ಲ. ತಕ್ಯುಬಿನ್ ಎಂಬ ಪಾರ್ಸೆಲ್ ಸೇವೆಯಲ್ಲಿ ಒಂದು ಹೋಟೆಲಿನಿಂದ ಮುಂದಿನ ಊರಿನ ಹೋಟೆಲಿಗೆ ಪೆಟ್ಟಿಗೆ ಕಳಿಸಿ, ಕೈಚೀಲ ಹಿಡಿದು ರೈಲು ಹತ್ತುವ ಸುಖ ಬೇರೆಯೇ. ರೈಲು ಹೆಚ್ಚಿನ ನಿಲ್ದಾಣಗಳಲ್ಲಿ ಒಂದೆರಡು ನಿಮಿಷವಷ್ಟೇ ನಿಲ್ಲುತ್ತದೆ ಎಂಬುದನ್ನು ನೆನೆದರೆ ಆ ಖರ್ಚು ದುಬಾರಿ ಎನಿಸುವುದಿಲ್ಲ.

ಸಾಮಾನ್ಯ ಬೋಗಿಯಲ್ಲಿ ಒಂದು ಬದಿಗೆ ಮೂರು, ಇನ್ನೊಂದು ಬದಿಗೆ ಎರಡು ಸೀಟುಗಳಿವೆ. ಟೋಕಿಯೊದಿಂದ ಕ್ಯೋಟೋಗೆ ಹೋಗುವಾಗ ಫೂಜಿ ಕಾಣುವುದು ಬಲಬದಿಗೆ, ಇ ಸಾಲಿನ ಕಿಟಕಿಯಿಂದ; ಹೊರಟ ಮುಕ್ಕಾಲು ಗಂಟೆಯ ಹೊತ್ತಿಗೆ ಕಣ್ಣು ತೆರೆದಿರಬೇಕು. ಮೂವರು ಒಟ್ಟಿಗಿದ್ದರೆ ನಡುವಿನ ಬಿ ಸೀಟು ಸಿಕ್ಕವರು ಬೇಸರಪಡಬೇಕಿಲ್ಲ, ಅದನ್ನು ಉಳಿದವುಗಳಿಗಿಂತ ತುಸು ಅಗಲವಾಗಿಯೇ ಮಾಡಿದ್ದಾರೆ. ನೊಜೊಮಿ, ಹಿಕಾರಿಗಳ ಸಾಮಾನ್ಯ ಬೋಗಿಗಳಲ್ಲಿ ತಿಂಡಿಯ ಗಾಡಿ 2023ರ ಅಕ್ಟೋಬರ್ ಕೊನೆಗೆ ನಿಂತುಹೋಗಿದೆ. ಊಟದ ಡಬ್ಬಿಯನ್ನು ನಿಲ್ದಾಣದಲ್ಲೇ ಕೊಂಡು ಹತ್ತಬೇಕು. ಸಸ್ಯಾಹಾರಿಗಳು ಇದಕ್ಕೆ ಹತ್ತು ನಿಮಿಷ ಹೆಚ್ಚಾಗಿಯೇ ಇಟ್ಟುಕೊಳ್ಳಬೇಕು, ತರಕಾರಿಯದೆಂದು ಕಾಣುವ ಡಬ್ಬಿಯಲ್ಲೂ ಮೀನಿನ ಸಾರು ಸೇರಿರುವುದು ಅಲ್ಲಿ ಸಾಮಾನ್ಯ.

ಆರರಿಂದ ಹನ್ನೊಂದು ವರ್ಷದ ಮಕ್ಕಳಿಗೆ ಟಿಕೆಟ್ಟಿಗೂ ಪಾಸಿಗೂ ಅರ್ಧ ದರ. ಅದಕ್ಕಿಂತ ಚಿಕ್ಕವರು ಬೇರೆ ಸೀಟು ಹಿಡಿಯದಿದ್ದರೆ, ಒಬ್ಬ ವಯಸ್ಕರ ಜೊತೆಗೆ ಇಬ್ಬರವರೆಗೆ ಉಚಿತ.

ನಿರ್ಧಾರಕ್ಕೆ ಬರುವ ಬಗೆ

ನಿಮ್ಮ ದಿನಗಳನ್ನು ಒಂದು ಹಾಳೆಯಲ್ಲಿ ಬರೆದು, ದೂರದ ಪ್ರತಿ ಪ್ರಯಾಣದ ಎದುರು ಅದರ ಬಿಡಿ ದರವನ್ನು ಬರೆಯಿರಿ. ಬಳಿಕ ಯಾವುದೇ ಸಾಲಾದ ಏಳು ದಿನಗಳನ್ನು ತೆಗೆದುಕೊಂಡು ಕೂಡಿ. 50,000 ದಾಟದಿದ್ದರೆ ಇಡೀ ದೇಶದ ಪಾಸನ್ನು ಮನಸ್ಸಿನಿಂದ ತೆಗೆದುಹಾಕಬಹುದು. ತುಸುವೇ ದಾಟಿದರೆ, ನೊಜೊಮಿಯನ್ನು ಬಿಟ್ಟು ಹಿಕಾರಿಗೆ ಕಾಯುವ ತೊಂದರೆ ಆ ಉಳಿತಾಯಕ್ಕೆ ತಕ್ಕುದೇ ಎಂದು ಯೋಚಿಸಿ. ಒಬ್ಬರೇ ಯುವಕರಾಗಿದ್ದರೆ ತಕ್ಕುದು, ಮಂಡಿ ನೋವಿನ ಹಿರಿಯರು ಜೊತೆಗಿದ್ದರೆ ಅಲ್ಲ. ಪ್ರಯಾಣಗಳೆಲ್ಲ ಒಸಾಕಾದ ಪಶ್ಚಿಮಕ್ಕೋ ಟೋಕಿಯೊದ ಉತ್ತರಕ್ಕೋ ಗುಂಪುಗೂಡಿದ್ದರೆ ಆ ಪ್ರದೇಶದ ಪಾಸನ್ನೂ, ಆ ಗುಂಪಿನಿಂದ ಹೊರಗುಳಿದ ಒಂದೋ ಎರಡೋ ಪ್ರಯಾಣಕ್ಕೆ ಬಿಡಿ ಟಿಕೆಟ್ಟನ್ನೂ ಜೋಡಿಸಿ. ಹತ್ತು ದಿನಗಳ ಪ್ರವಾಸಕ್ಕೆ ನಾನು ಈಗ ಮಾಡುವುದು ಇಷ್ಟೇ: ಟೋಕಿಯೊದಿಂದ ಕ್ಯೋಟೋಗೆ ಆ್ಯಪ್‌ನಲ್ಲಿ ಕೊಂಡ ಒಂದು ನೊಜೊಮಿ ಟಿಕೆಟ್, ಅಲ್ಲಿಂದಾಚೆಗೆ ಐದು ದಿನಗಳ ಕನ್ಸಾಯ್–ಹಿರೋಶಿಮಾ ಪಾಸ್, ಕೊನೆಗೆ ಕನ್ಸಾಯ್ ವಿಮಾನ ನಿಲ್ದಾಣದಿಂದಲೇ ಹಿಂತಿರುಗುವ ವಿಮಾನ. ಒಟ್ಟು 31,000 ಯೆನ್ ಆಸುಪಾಸಿಗೆ ಮುಗಿಯುತ್ತದೆ.

ಇಷ್ಟಾದ ಮೇಲೂ ಪಾಸ್ ಬೇಕೆನಿಸಿದರೆ ಅವಸರಪಡಬೇಕಾಗಿಲ್ಲ. ಹೊರದೇಶದಲ್ಲಿ ಕೊಂಡ ವೋಚರನ್ನು ಮೂರು ತಿಂಗಳೊಳಗೆ ಜಪಾನಿನಲ್ಲಿ ಪಾಸಾಗಿ ಬದಲಿಸಿಕೊಳ್ಳಬಹುದು, ಬದಲಿಸಿದ ದಿನದಿಂದ ಒಂದು ತಿಂಗಳೊಳಗಿನ ಯಾವುದೇ ದಿನವನ್ನು ಪಾಸ್ ಶುರುವಾಗುವ ದಿನವೆಂದು ಹೇಳಬಹುದು. ಟೋಕಿಯೊದಲ್ಲಿ ಮೊದಲ ಮೂರು ದಿನ ಕಳೆಯುವವರು ಪಾಸನ್ನು ನಾಲ್ಕನೆಯ ದಿನ ಬೆಳಿಗ್ಗೆ, ದೂರದ ಮೊದಲ ರೈಲು ಹತ್ತುವ ದಿನದಿಂದ ಶುರು ಮಾಡಿಸಿಕೊಳ್ಳಲಿ.